‘ಮನೀಗೆ ಒಯ್ರಿ’ ಅಂದ ಮೇಲೆ: ದಯಾಮರಣದ ಪ್ರಶ್ನೆ ಮತ್ತು ದವಾಖಾನೆಯ ಮಂದಿ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿಗೆ ಹೋದರೂ ಒಂದು ಮಾತು ಎಲ್ಲರಿಗೂ ಪರಿಚಿತ. ಮನೆಯ ಮುತ್ಯಾನಿಗೆ ಲಕ್ವಾ ಹೊಡೆದಿರುತ್ತದೆ, ಅಥವಾ ಆಯಿಗೆ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿರುತ್ತದೆ. ತಾಲೂಕಿನ ದವಾಖಾನೆಯಿಂದ ಬೆಳಗಾವಿಗೆ, ಇಲ್ಲವೆ ಮಿರಜಕ್ಕೆ ಒಯ್ದಿರುತ್ತಾರೆ. ಅಲ್ಲಿ ತೀವ್ರ ನಿಗಾ ಘಟಕದಲ್ಲಿ ಎಂಟು–ಹತ್ತು ದಿನ ಕಳೆದ ಮೇಲೆ ಡಾಕ್ಟರು ಹಿರಿಯ ಮಗನನ್ನು ಬದಿಗೆ ಕರೆಯುತ್ತಾರೆ. ‘ಇನ್ನ ನಮ್ಮ ಕೈಯಾಗ ಏನೂ ಉಳದಿಲ್ಲ, ಮನೀಗೆ ಒಯ್ರಿ’ ಅನ್ನುತ್ತಾರೆ. ಮಗ ಮತ್ತೇನೂ ಕೇಳುವುದಿಲ್ಲ. ಊರಿಗೆ ಫೋನು ಹೋಗುತ್ತದೆ. ಆಂಬುಲೆನ್ಸ್ ಬರುತ್ತದೆ. ದಾರಿಯುದ್ದಕ್ಕೂ ಯಾರಾದರೊಬ್ಬರು ಅಂಬು ಬ್ಯಾಗನ್ನು ಒತ್ತುತ್ತಾ ಕೂರುತ್ತಾರೆ. ಮನೆ ಮುಟ್ಟಿದ ಮೇಲೆ ಬಾಯಿಗೆ ನೀರು ಬಿಟ್ಟು, ಜಂಗಮರನ್ನು ಕರೆಸಿ ವಿಭೂತಿ ಹಚ್ಚಿಸಿ, ಬ್ಯಾಗು ಒತ್ತುವುದನ್ನು ನಿಲ್ಲಿಸುತ್ತಾರೆ.

ಇದನ್ನು ಯಾರೂ ದಯಾಮರಣ ಎಂದು ಕರೆಯುವುದಿಲ್ಲ. ಆ ಮನೆಯವರ ಮುಂದೆ ಆ ಶಬ್ದ ಎತ್ತಿದರೆ ಸಿಟ್ಟು ಬಂದೀತು. ಆದರೆ ಕೃತಕ ಉಸಿರನ್ನು ನಿಲ್ಲಿಸುವ ತೀರ್ಮಾನವೊಂದು ಇಲ್ಲಿ ಆಗಿದೆ ಎಂಬುದು ನಿಜ. ಅದನ್ನು ಮಾಡಿದವರು ಯಾರು? ವೈದ್ಯರೇ? ದವಾಖಾನೆಯ ಕಾಗದ ತೆಗೆದು ನೋಡಿದರೆ ಬಹಳಷ್ಟು ಕಡೆ ಬೇರೆಯೇ ಸಂಗತಿ ಕಾಣುತ್ತದೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ’ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಮಗನ ಸಹಿ ಇರುತ್ತದೆ. ಬಾಯಲ್ಲಿ ಬಂದ ಸಲಹೆ ಒಯ್ಯಿರಿ ಎಂದು, ಕಾಗದದ ಮೇಲಿನ ಸಲಹೆ ಒಯ್ಯಬೇಡಿ ಎಂದು. ಇವೆರಡರ ನಡುವಿನ ಅಂತರದಲ್ಲಿ ವೈದ್ಯರ ಅಂಜಿಕೆ, ದಾದಿಯರ ಸಂಕಟ, ಮನೆಯವರ ಪಾಪಪ್ರಜ್ಞೆ ಎಲ್ಲವೂ ಸೇರಿಕೊಂಡಿವೆ. ಇಂದಿನ ವಿಷಯ ಅದೇ.

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳುವುದು ಲೇಸು. ಇಲ್ಲವಾದರೆ ಚರ್ಚೆ ಒಂದೆಡೆ, ವಿಷಯ ಇನ್ನೊಂದೆಡೆ ಆಗುತ್ತದೆ. ಗುಣವಾಗದ ಕಾಯಿಲೆಯ ರೋಗಿ ಕೇಳಿಕೊಂಡಾಗ ವೈದ್ಯನೇ ಸಾವು ತರುವ ಚುಚ್ಚುಮದ್ದು ಕೊಡುವುದು ಸಕ್ರಿಯ ದಯಾಮರಣ. ಮದ್ದನ್ನು ವೈದ್ಯ ಬರೆದುಕೊಟ್ಟು, ರೋಗಿ ತಾನೇ ಕುಡಿಯುವುದು ವೈದ್ಯನೆರವಿನ ಸಾವು. ಇವೆರಡೂ ಭಾರತದಲ್ಲಿ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಸ್ಥಿತಿ ಬದಲಾಗಿಲ್ಲ. ಮೂರನೆಯದು ಬೇರೆ ಜಾತಿಯದು. ಗುಣ ಕಾಣುವ ಆಸೆಯಿಲ್ಲದ ರೋಗಿಗೆ ಕೃತಕ ಉಸಿರಾಟದಂಥ ಜೀವಾಧಾರ ಚಿಕಿತ್ಸೆಯನ್ನು ಆರಂಭಿಸದಿರುವುದು, ಅಥವಾ ಆರಂಭಿಸಿದ್ದನ್ನು ಹಿಂತೆಗೆಯುವುದು. ಇಲ್ಲಿ ರೋಗ ತನ್ನ ದಾರಿ ಹಿಡಿಯುತ್ತದೆ. ಇದನ್ನು ನಿಷ್ಕ್ರಿಯ ದಯಾಮರಣ ಎನ್ನುವ ರೂಢಿ ಪತ್ರಿಕೆಗಳಲ್ಲಿದೆ. ತಜ್ಞ ವೈದ್ಯರು ಈ ಹೆಸರನ್ನೇ ಒಪ್ಪುವುದಿಲ್ಲ. ‘ದಯಾಮರಣ’ ಎಂದ ಕೂಡಲೆ ಕೊಲ್ಲುವ ಕೈ ಕಣ್ಣಿಗೆ ಬರುತ್ತದೆ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿದೆ.

ಈ ದೇಶದಲ್ಲಿ ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದ ಹೆಣ್ಣುಮಗಳು ಕನ್ನಡ ನಾಡಿನವಳು, ಅದೂ ದಾದಿಯೇ. ಉತ್ತರ ಕನ್ನಡದ ಹೊನ್ನಾವರ ಬಳಿಯ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಗೆ ಹೋಗಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಜಾಡಮಾಲಿಯೊಬ್ಬ ಅವರ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ಹೋಗುವ ಆಮ್ಲಜನಕ ನಿಂತಿತು. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅವರು ಅದೇ ಆಸ್ಪತ್ರೆಯಲ್ಲಿ, 4ನೇ ವಾರ್ಡಿಗೆ ಹೊಂದಿದ ಕೋಣೆಯೊಂದರಲ್ಲಿ ಮಲಗಿಯೇ ಇದ್ದರು.

ಅವರ ಬಗ್ಗೆ 1998ರಲ್ಲಿ ಪುಸ್ತಕ ಬರೆದ ಪತ್ರಕರ್ತೆ ಪಿಂಕಿ ವಿರಾನಿ, ‘ಇಂಥ ಬದುಕನ್ನು ಬಲವಂತವಾಗಿ ಎಳೆಯುವುದು ಬೇಡ, ಆಹಾರ ನೀಡುವುದನ್ನು ನಿಲ್ಲಿಸಲು ಅಪ್ಪಣೆ ಕೊಡಿ’ ಎಂದು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ಮೂವರು ವೈದ್ಯರನ್ನು ಕಳಿಸಿ ಪರೀಕ್ಷೆ ಮಾಡಿಸಿತು. ಅವರ ಮೆದುಳು ಸತ್ತಿಲ್ಲ, ಆದರೆ ಅರಿವಿಲ್ಲದ ಶಾಶ್ವತ ಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದು ವರದಿ ಬಂತು. ಆಗ ಆಸ್ಪತ್ರೆಯ ದಾದಿಯರು ಮತ್ತು ಸಿಬ್ಬಂದಿ ಒಕ್ಕೊರಲಿನಿಂದ ಹೇಳಿದ್ದು ಒಂದೇ ಮಾತು: ಆಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ. ಅಷ್ಟು ವರ್ಷ ಹಾಸಿಗೆ ಹಿಡಿದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇಲ್ಲ ಎಂಬುದನ್ನು ನ್ಯಾಯಾಲಯ ದಾಖಲಿಸಿತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ಆರು ತಿಂಗಳು ನೋಡಿಕೊಂಡವರಿಗೆ ಈ ಮಾತಿನ ತೂಕ ತಿಳಿದೀತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ತೆಗೆಯಬೇಕು, ಬೆನ್ನಿಗೆ ಗಾಳಿ ತಾಗಿಸಬೇಕು. ನಿವೃತ್ತಳಾಗಿದ್ದ ದಾದಿಯೊಬ್ಬಳು ಸಂಬಳವಿಲ್ಲದೆ, ಓಡಾಟದ ಖರ್ಚನ್ನೂ ಕೇಳದೆ ಬಂದು ಆರೈಕೆ ಮಾಡಲು ಸಿದ್ಧ ಎಂದು ತಿಳಿಸಿದ್ದಳು. ಹಿಂದೆ 1980ರ ದಶಕದಲ್ಲಿ ಮುಂಬಯಿ ಪಾಲಿಕೆ ಅರುಣಾರನ್ನು ಅಲ್ಲಿಂದ ಬೇರೆಡೆಗೆ ಸಾಗಿಸಲು ಹೊರಟಾಗ ಕೆಲಸ ನಿಲ್ಲಿಸಿ ತಡೆದವರೂ ಇದೇ ದಾದಿಯರು.

2011ರ ಮಾರ್ಚ್ 7ರಂದು ತೀರ್ಪು ಬಂತು. ವಿರಾನಿಯವರ ಅರ್ಜಿ ಬಿದ್ದುಹೋಯಿತು. ಅರುಣಾರ ಪರವಾಗಿ ತೀರ್ಮಾನಿಸುವ ಹತ್ತಿರದ ಗೆಳೆಯರು ಆಸ್ಪತ್ರೆಯ ಸಿಬ್ಬಂದಿಯೇ ಎಂದು ಕೋರ್ಟು ಹೇಳಿತು. ಜೊತೆಗೇ, ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಜೀವಾಧಾರ ಚಿಕಿತ್ಸೆ ಹಿಂತೆಗೆಯಬಹುದು ಎಂಬ ನಿಯಮವನ್ನೂ ಮೊದಲ ಸಲ ಹಾಕಿಕೊಟ್ಟಿತು. ಆ ದಿನ ಕೆ.ಇ.ಎಂ.ನ ದಾದಿಯರು ಸಿಹಿ ಹಂಚಿದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು.

ಈ ಸಿಹಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ದಾದಿಯರದು ಮೆಚ್ಚತಕ್ಕ ಸೇವೆ ಎನ್ನುವವರು ಹೆಚ್ಚು. ಆದರೆ ಅದು ಅರುಣಾರ ಇಚ್ಛೆಯಾಗಿತ್ತೇ, ದಾದಿಯರ ಇಚ್ಛೆಯಾಗಿತ್ತೇ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದಿನಾ ಮೈ ತೊಳೆಸಿ, ಊಟ ಮಾಡಿಸಿ, ತಲೆ ಬಾಚುವ ಕೈಗೆ ಎದುರಿಗಿರುವ ದೇಹ ಒಂದು ‘ಕೇಸು’ ಆಗುವುದಿಲ್ಲ. ತುತ್ತು ನುಂಗಿದರೆ ಅದೇ ಒಂದು ಉತ್ತರದಂತೆ ಕಾಣುತ್ತದೆ. ದಿನಕ್ಕೊಮ್ಮೆ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡುವ ವೈದ್ಯನಿಗೆ ಕಾಣುವುದು ಬೇರೆ. ಒಂದೇ ಹಾಸಿಗೆಯ ಎರಡು ಬದಿಗೆ ನಿಂತ ಇಬ್ಬರು ಒಂದೇ ರೋಗಿಯನ್ನು ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬರುವುದು ಹೀಗೆ.

ಅರುಣಾ ಹಾಸಿಗೆ ಹಿಡಿದ 1973ರಲ್ಲೇ ಹಾಲೆಂಡಿನ ಲೀವಾರ್ಡನ್ ಎಂಬ ಊರಿನ ನ್ಯಾಯಾಲಯದಲ್ಲಿ ಇನ್ನೊಂದು ಮೊಕದ್ದಮೆ ನಡೆಯಿತು. ಖೇರ್ತ್ರೂಯಿಡಾ ಪೋಸ್ಟ್ಮಾ ಎಂಬ ವೈದ್ಯೆ, ಪಾರ್ಶ್ವವಾಯು ಬಡಿದು ಕಿವಿಯೂ ಕೇಳದೆ ನರಳುತ್ತಿದ್ದ ತನ್ನ ತಾಯಿಗೆ ಮಾರ್ಫಿನ್ ಚುಚ್ಚಿ ಸಾವು ತಂದಿದ್ದಳು. ತಾಯಿಯೇ ಅದನ್ನು ಮತ್ತೆ ಮತ್ತೆ ಬೇಡಿದ್ದಳು. ಕೋರ್ಟು ತಪ್ಪಿತಸ್ಥೆ ಎಂದು ತೀರ್ಪಿತ್ತು, ಒಂದು ವಾರದ ಶಿಕ್ಷೆ ವಿಧಿಸಿ ಅದನ್ನೂ ಅಮಾನತಿನಲ್ಲಿಟ್ಟಿತು. ಅದಕ್ಕಿಂತ ಮುಖ್ಯವಾದುದು ಆ ಭಾಗದ ಬೇರೆ ವೈದ್ಯರ ನಡೆ. ತಾವೂ ಇಂಥ ಕೆಲಸ ಮಾಡಿದ್ದೇವೆ ಎಂದು ಅವರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮುಚ್ಚಿಟ್ಟದ್ದು ಬಯಲಿಗೆ ಬಂತು. 1984ರಲ್ಲಿ ಅಲ್ಲಿನ ವೈದ್ಯಕೀಯ ಸಂಘವೇ ಈ ಬಗ್ಗೆ ನಿಲುವು ಪ್ರಕಟಿಸಿತು. 2002ರ ಏಪ್ರಿಲ್ 1ರಿಂದ ಕಾನೂನು ಜಾರಿಯಾಯಿತು. ಅಲ್ಲಿ ಯಾವ ವೈದ್ಯನನ್ನೂ ಇದಕ್ಕೆ ಬಲವಂತ ಮಾಡುವಂತಿಲ್ಲ. ಆನಂತರ ಬೆಲ್ಜಿಯಂ, 2016ರಲ್ಲಿ ಕೆನಡಾ ಇದೇ ಹಾದಿ ಹಿಡಿದವು. ಅಮೆರಿಕದ ಆರಿಗನ್ ರಾಜ್ಯದಲ್ಲಿ ಮದ್ದು ಬರೆದುಕೊಡುವ ಪದ್ಧತಿ 1997ರಿಂದಲೇ ಇದೆ.

ವೈದ್ಯಲೋಕವೆಲ್ಲ ಇದನ್ನು ಒಪ್ಪಿದೆ ಎಂದೇನೂ ಇಲ್ಲ. ವಿಶ್ವ ವೈದ್ಯಕೀಯ ಸಂಘ 2019ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಸೇರಿ, ದಯಾಮರಣಕ್ಕೂ ವೈದ್ಯನೆರವಿನ ಸಾವಿಗೂ ತನ್ನ ವಿರೋಧವನ್ನು ಮತ್ತೆ ಸಾರಿತು. ಬ್ರಿಟಿಷ್ ವೈದ್ಯಕೀಯ ಸಂಘ ಮಾತ್ರ 2021ರಲ್ಲಿ ತನ್ನ ಹಳೆಯ ವಿರೋಧವನ್ನು ಕೈಬಿಟ್ಟು ತಟಸ್ಥವಾಯಿತು. ಹಿಪೋಕ್ರೇಟಿಸನ ಹೆಸರಿನ ಪ್ರತಿಜ್ಞೆಯಲ್ಲಿ, ಕೇಳಿದರೂ ವಿಷ ಕೊಡೆನು ಎಂಬ ಮಾತಿದೆ ಎನ್ನುವುದು ವಿರೋಧಿಗಳ ದೊಡ್ಡ ಆಧಾರ.

ಈ ದೇಶದ ಹಳೆಯ ವೈದ್ಯಶಾಸ್ತ್ರ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ನೋಡಿತ್ತು. ಚರಕಸಂಹಿತೆ ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ಅಸಾಧ್ಯವೆಂದು ತಿಳಿದೂ ಚಿಕಿತ್ಸೆಗೆ ಕೈಹಾಕುವ ವೈದ್ಯ ಹಣ, ವಿದ್ಯೆ, ಕೀರ್ತಿ ಮೂರನ್ನೂ ಕಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತದೆ. ವೈದ್ಯನ ಕೀರ್ತಿಯ ಚಿಂತೆ ಅದರಲ್ಲಿ ಕೊಂಚ ಹೆಚ್ಚಾಗಿಯೇ ಇದೆ, ನಿಜ. ಆದರೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ವೈದ್ಯಕೀಯ ಜ್ಞಾನದ ಭಾಗ ಎಂಬುದನ್ನು ಆ ಗ್ರಂಥ ಒಪ್ಪಿತ್ತು.

ಬೆಳಗಾವಿ ಸೀಮೆಯಲ್ಲಿ ಈ ಮಾತು ಬಂದಾಗ ಜೈನರ ಸಲ್ಲೇಖನ ವ್ರತವನ್ನು ಯಾರಾದರೂ ನೆನಪಿಸಿಯೇ ತೀರುತ್ತಾರೆ. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಕಣ್ಣಿನ ನೋಟ ಮಂದವಾಗಿ, ನಡೆವಾಗ ಕಾಲಡಿಯ ಜೀವಿಗಳನ್ನು ಕಾಯುವುದು ಆಗದೆಂದು ಅವರು ಈ ವ್ರತ ಹಿಡಿದರು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇಂಥ ವ್ರತವನ್ನು ಆತ್ಮಹತ್ಯೆಗೆ ಸಮನೆಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆದರೆ ಈ ಹೋಲಿಕೆ ಬಹಳ ದೂರ ಸಾಗುವುದಿಲ್ಲ. ಸಲ್ಲೇಖನದಲ್ಲಿ ವ್ರತ ಹಿಡಿದವನದೇ ಅರಿವು, ಅವನದೇ ನಿರ್ಧಾರ. ಅಲ್ಲಿ ವೈದ್ಯನಿಗೆ ಕೆಲಸವಿಲ್ಲ. ತೀವ್ರ ನಿಗಾ ಘಟಕದ ರೋಗಿಗೆ ಅರಿವು ತಪ್ಪಿರುತ್ತದೆ. ಅವನ ಪರವಾಗಿ ಯಾರೋ ಮಾತಾಡಬೇಕು. ತೊಡಕು ಇರುವುದೇ ಅಲ್ಲಿ.

ಭಾರತದ ವೈದ್ಯರ ನಿಲುವು ಕಾಗದದ ಮೇಲೆ ಹೇಗಿದೆ? ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳು ದಯಾಮರಣವನ್ನು ವೃತ್ತಿಧರ್ಮಕ್ಕೆ ವಿರುದ್ಧ ಎಂದವು. ಮೆದುಳು ಸತ್ತ ಮೇಲೂ ಹೃದಯ, ಉಸಿರನ್ನು ನಡೆಸುವ ಸಾಧನಗಳನ್ನು ತೆಗೆಯುವುದಿದ್ದರೆ ಒಬ್ಬ ವೈದ್ಯನಲ್ಲ, ವೈದ್ಯರ ತಂಡ ತೀರ್ಮಾನಿಸಬೇಕು ಎಂದವು. ತೀವ್ರ ನಿಗಾ ತಜ್ಞರ ಸಂಘಟನೆ 2005ರಿಂದಲೇ, ವ್ಯರ್ಥ ಚಿಕಿತ್ಸೆಯನ್ನು ನಿಲ್ಲಿಸುವುದು ಹೇಗೆಂದು ತನ್ನ ಸದಸ್ಯರಿಗೆ ಮಾರ್ಗಸೂಚಿ ಕೊಡುತ್ತ ಬಂದಿದೆ. ಯಂತ್ರಗಳ ನಡುವೆ ದಿನ ಕಳೆಯುವ ವೈದ್ಯರೇ ಯಂತ್ರ ನಿಲ್ಲಿಸುವ ಬಗ್ಗೆ ಮೊದಲು ಮಾತಾಡಿದರು ಎಂಬುದು ಗಮನಿಸತಕ್ಕ ಸಂಗತಿ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಜೀವಾಧಾರ ಹಿಂತೆಗೆತದ ಕರಡು ಮಾರ್ಗಸೂಚಿ ಪ್ರಕಟಿಸಿದಾಗ ಭಾರತೀಯ ವೈದ್ಯಕೀಯ ಸಂಘದ ಅಂದಿನ ಅಧ್ಯಕ್ಷ ಡಾ. ಆರ್.ವಿ. ಅಶೋಕನ್ ಆಕ್ಷೇಪವೆತ್ತಿದರು. ಇದು ವೈದ್ಯರನ್ನು ಕಾನೂನಿನ ತಪಾಸಣೆಗೆ ಒಡ್ಡುತ್ತದೆ, ಒತ್ತಡಕ್ಕೆ ಸಿಕ್ಕಿಸುತ್ತದೆ. ಕೆಲವು ಸಂಗತಿಗಳನ್ನು ವಿಜ್ಞಾನಕ್ಕೆ, ಸಂದರ್ಭಕ್ಕೆ, ರೋಗಿ ಮತ್ತು ಬಂಧುಗಳಿಗೆ ಬಿಡಬೇಕು ಎಂಬುದು ಅವರ ವಾದ.

ಅದರ ಅರ್ಥವನ್ನು ಬಿಡಿಸಿದರೆ ಹೀಗಾಗುತ್ತದೆ: ಈವರೆಗೆ ಬಾಯಿಮಾತಿನಲ್ಲಿ ನಡೆದುಕೊಂಡು ಬಂದದ್ದನ್ನು ಬರೆದಿಡಿ ಎಂದರೆ ನಾಳೆ ಅದೇ ಬರಹ ಕೋರ್ಟಿನಲ್ಲಿ ನಮ್ಮ ಮೇಲೆ ಬಂದೀತು. ಈ ಅಂಜಿಕೆ ಸುಳ್ಳಲ್ಲ. ದವಾಖಾನೆಯ ಗಾಜು ಒಡೆಯುವ, ಡಾಕ್ಟರ ಮೇಲೆ ಕೈ ಮಾಡುವ ಸುದ್ದಿಗಳು ಅಪರೂಪವಲ್ಲ. ಮೂವರು ಮಕ್ಕಳಲ್ಲಿ ಇಬ್ಬರು ಒಪ್ಪಿ, ಪುಣೆಯಿಂದ ತಡವಾಗಿ ಬಂದ ಮೂರನೆಯವನು ‘ಯಾರನ್ನ ಕೇಳಿ ಮಷೀನ್ ತಗದ್ರಿ?’ ಅಂದರೆ ಡಾಕ್ಟರು ಏನು ಹೇಳಬೇಕು? ಆಸ್ತಿಯ ಪಾಲಾಗದ ಮನೆಯಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಹೀಗಾಗಿ ಮಗನಿಂದ ಸಹಿ ಹಾಕಿಸಿಕೊಂಡು ಕಳಿಸುವುದೇ ಕ್ಷೇಮ ಎನ್ನಿಸುವುದು ಸಹಜ. ಆದರೆ ಆ ಕ್ಷೇಮದ ಬೆಲೆ ತೆರುವವನು ಸಹಿ ಹಾಕಿದ ಮಗ. ಕಬ್ಬಿನ ಬಿಲ್ಲೆಲ್ಲ ದವಾಖಾನೆಗೆ ಹೋಗಿ, ಸಾಲ ತಲೆಯ ಮೇಲಿದ್ದು, ‘ರೊಕ್ಕಕ್ಕ ಹಿಂದ ಸರದು ಅಪ್ಪನ್ನ ಕರಕೊಂಡ ಬಂದ’ ಎಂಬ ಮಾತನ್ನು ಓಣಿಯವರಿಂದ ವರ್ಷಗಟ್ಟಲೆ ಕೇಳುವವನು ಅವನು.

ಇದಕ್ಕೊಂದು ದಾರಿ ಮಾಡುವ ಯತ್ನ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. ‘ಕಾಮನ್ ಕಾಸ್’ ಎಂಬ ಸಂಸ್ಥೆ 2005ರಲ್ಲಿ ಹಾಕಿದ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು. ಬುದ್ಧಿ ಸ್ವಸ್ಥವಾಗಿರುವಾಗಲೇ, ‘ಮುಂದೆ ಇಂಥ ಸ್ಥಿತಿ ಬಂದರೆ ಇಂಥ ಚಿಕಿತ್ಸೆ ಬೇಡ’ ಎಂದು ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಜನ ಇದನ್ನು ‘ಜೀವಂತ ಉಯಿಲು’ ಎನ್ನುತ್ತಾರೆ. ಆದರೆ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿ 24ರಂದು ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು.

ಸಮಯ ಬಂದಾಗ ನಡೆಯಬೇಕಾದ ಕ್ರಮ ಹೀಗೆ. ಆಸ್ಪತ್ರೆ ಒಂದು ಪ್ರಾಥಮಿಕ ಮಂಡಳಿ ರಚಿಸಬೇಕು. ಅದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿದರೆ ದ್ವಿತೀಯ ಮಂಡಳಿ. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿ ಇರದ ಇನ್ನಿಬ್ಬರು ತಜ್ಞರು. ಸಾಧ್ಯವಾದಷ್ಟು 48 ತಾಸಿನೊಳಗೆ ಪ್ರತಿ ಮಂಡಳಿಯೂ ಅಭಿಪ್ರಾಯ ಹೇಳಬೇಕು. ರೋಗಿ ನಿರ್ದೇಶನದಲ್ಲಿ ಹೆಸರಿಸಿದವರ, ನಿರ್ದೇಶನ ಇಲ್ಲದಿದ್ದರೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಬೆಳಗಾವಿ ಜಿಲ್ಲೆಯವರಿಗೆ ಅದು ಧಾರವಾಡ ಪೀಠ.

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ ಪತ್ರ ಬರೆದು, ಕೋರ್ಟು ಹತ್ತಿ ಹೋರಾಡಿದ್ದರು. ಸುತ್ತೋಲೆ ಬಂದಾಗ ಅವರಿಗೆ 85 ವರ್ಷ. ಪತ್ರಿಕೆಗಳೆಲ್ಲ ಅವರ ಹೆಸರನ್ನು ನೆನೆದವು. ಆದರೆ ಅವರು ಮೊದಲು ಕೇಳಿದ್ದಕ್ಕೂ ಸುತ್ತೋಲೆ ಕೊಟ್ಟದ್ದಕ್ಕೂ ವ್ಯತ್ಯಾಸವಿದೆ. ಬೆನ್ನುನೋವಿನಿಂದ ಬಳಲಿದ ಅವರು ಸಾವನ್ನೇ ಕೊಡಿ ಎಂದಿದ್ದರು. ಸುತ್ತೋಲೆ ಅನ್ವಯಿಸುವುದು ಗುಣ ಕಾಣದ ಕೊನೆಯ ಹಂತದ ರೋಗಿಗೆ, ಅಥವಾ ಅರಿವಿಲ್ಲದ ಶಾಶ್ವತ ಸ್ಥಿತಿಯಲ್ಲಿ ಜೀವಾಧಾರ ಚಿಕಿತ್ಸೆಯ ಮೇಲಿರುವವರಿಗೆ ಮಾತ್ರ. ಇದನ್ನು ದಯಾಮರಣವೆಂದು ತಪ್ಪಾಗಿ ತಿಳಿಯಬಾರದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೂ ಸ್ಪಷ್ಟಪಡಿಸಿದರು.

ಈಗ ಈ ಸುತ್ತೋಲೆಯನ್ನು ಹಿಡಿದು ಗೋಕಾಕಕ್ಕೆ, ಹುಕ್ಕೇರಿಗೆ, ಕೆಲವು ವರ್ಷಗಳ ಹಿಂದಷ್ಟೆ ಗೋಕಾಕದಿಂದ ಬೇರೆಯಾದ ಮೂಡಲಗಿಗೆ ಬರೋಣ. ಎರಡು ಮಂಡಳಿ ಸೇರಿ ಆರು ಜನ ವೈದ್ಯರು ಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸುವವರು ನರರೋಗ, ನರಶಸ್ತ್ರಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅರಿವಳಿಕೆ ಅಥವಾ ತೀವ್ರ ನಿಗಾ ತಜ್ಞರಾಗಿದ್ದು, 1994ರ ಅಂಗಾಂಗ ಕಸಿ ಕಾಯ್ದೆಯಡಿ ಮೆದುಳಿನ ಸಾವನ್ನು ದೃಢೀಕರಿಸಲು ಮಾನ್ಯತೆ ಪಡೆದವರಿರಬಹುದು ಎಂದು ಸುತ್ತೋಲೆ ಹೇಳುತ್ತದೆ. ಇಂಥವರು ಬೆಳಗಾವಿಯ ಬಿಮ್ಸ್‌ನಲ್ಲಿ, ಕೆ.ಎಲ್.ಇ. ಆಸ್ಪತ್ರೆಯಲ್ಲಿ ಸಿಕ್ಕಾರು. ತಾಲೂಕು ಮಟ್ಟದಲ್ಲಿ ಆರು ಜನರನ್ನು ಒಂದೇ ಹಾಸಿಗೆಯ ಮುಂದೆ ಕೂಡಿಸುವುದು ಸುಲಭದ ಮಾತಲ್ಲ. ಮಿರಜ, ಕೊಲ್ಲಾಪುರಕ್ಕೆ ಹೋದ ರೋಗಿಗಂತೂ ಕರ್ನಾಟಕದ ಸುತ್ತೋಲೆಯೇ ಅನ್ವಯಿಸದು. ಸುಪ್ರೀಂ ಕೋರ್ಟಿನ ತೀರ್ಪು ಅನ್ವಯಿಸುತ್ತದೆ, ಆದರೆ ಅದನ್ನು ನಡೆಸುವವರು ಮಹಾರಾಷ್ಟ್ರದ ಅಧಿಕಾರಿಗಳು. 1894ರಲ್ಲಿ ಡಾ. ವಾನ್ಲೆಸ್ ಕಟ್ಟಿದ ಮಿರಜದ ಮಿಶನ್ ಆಸ್ಪತ್ರೆಯ ಕಾಲದಿಂದಲೂ ಈ ಭಾಗದ ಜನಕ್ಕೆ ರಾಜ್ಯದ ಗಡಿ ಅಡ್ಡ ಬಂದಿಲ್ಲ. ಸರ್ಕಾರಿ ಕಾಗದಕ್ಕೆ ಗಡಿ ಅಡ್ಡ ಬರುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಯಂತ್ರ ನಿಲ್ಲಿಸಿದ ಮೇಲೆ ರೋಗಿಯನ್ನು ನೋಡಿಕೊಳ್ಳುವುದು ಯಾರು? ಹಿಂತೆಗೆಯುವುದೆಂದರೆ ಕೈಬಿಡುವುದಲ್ಲ ಎಂದು ತೀರ್ಪು, ಮಾರ್ಗಸೂಚಿ ಎಲ್ಲವೂ ಹೇಳುತ್ತವೆ. ನೋವು, ಉಬ್ಬಸ, ಗಾಬರಿ ಕಾಡದಂತೆ ಉಪಶಾಮಕ ಆರೈಕೆ ಮುಂದುವರಿಯಬೇಕು. ಇದರಲ್ಲಿ ಮುಖ್ಯವಾದ ಮದ್ದು ಮಾರ್ಫಿನ್. ಅಫೀಮಿನಿಂದ ಬರುವ ಮದ್ದಾದ್ದರಿಂದ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಗಳ ಹಾವಳಿಯಲ್ಲಿ ಅದರ ಬಳಕೆ ಹತ್ತು–ಹನ್ನೆರಡು ವರ್ಷಗಳಲ್ಲೇ ಶೇ. 90ಕ್ಕಿಂತ ಹೆಚ್ಚು ಕುಸಿಯಿತು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸುಗಮಗೊಳಿಸಿದರೂ ನಡುವಿನ ಸುಮಾರು 30 ವರ್ಷಗಳಲ್ಲಿ ಒಂದಿಡೀ ಪೀಳಿಗೆಯ ವೈದ್ಯರು ಮಾರ್ಫಿನ್ ಕೈಯಲ್ಲಿ ಹಿಡಿಯದೆಯೇ ಕಲಿತು ಬಂದರು. ಮಾರ್ಫಿನ್ ಕೊಟ್ಟರೆ ರೋಗಿ ಬೇಗ ಸಾಯುತ್ತಾನೆ, ಚಟ ಹತ್ತುತ್ತದೆ ಎಂಬ ಭಯ ಇಂದಿಗೂ ಹಲವರಲ್ಲಿದೆ. ಅಳತೆಯಲ್ಲಿ ಕೊಟ್ಟ ಮಾರ್ಫಿನ್ ನೋವನ್ನು ಕಳೆಯುತ್ತದೆ, ಜೀವ ತೆಗೆಯುವುದಿಲ್ಲ ಎಂಬುದು ಉಪಶಾಮಕ ತಜ್ಞರ ಅನುಭವ.

‘ಸಾಯಿಸಿಬಿಡ್ರಿ, ಈ ತ್ರಾಸ ತಡಿಯಾಕ ಆಗವಲ್ದು’ ಎಂದು ಕ್ಯಾನ್ಸರ್ ರೋಗಿ ಕೇಳುವಾಗ ಅದು ಸಾವಿನ ಬೇಡಿಕೆಯೋ, ನೋವು ನಿಲ್ಲಿಸುವ ಬೇಡಿಕೆಯೋ ಎಂದು ಮೊದಲು ನೋಡಬೇಕು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪೀಸ್ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮೂಡಲಗಿಯ ರೋಗಿಗೆ ಬೆಂಗಳೂರು ಬಲು ದೂರ. ಡಾ. ನಾ.ಸು. ಹರ್ಡೀಕರರು ಸೇವಾದಳದ ಕೇಂದ್ರ ನಡೆಸಿದ ಘಟಪ್ರಭೆಯಲ್ಲಿ ಸ್ವಾತಂತ್ರ್ಯಪೂರ್ವದಿಂದಲೂ ಕರ್ನಾಟಕ ಆರೋಗ್ಯಧಾಮವಿದೆ. ಊರುಗಳಿಗೆ ಹತ್ತಿರವಾಗಿ ಆರೋಗ್ಯಸೇವೆ ಬೆಳೆಸುವ ಹಳೆಯ ವಾಡಿಕೆ ಈ ನೆಲಕ್ಕಿದೆ. ಕೊನೆಯ ದಿನಗಳ ಆರೈಕೆಗೂ ಅಂಥದೊಂದು ವ್ಯವಸ್ಥೆ ತಾಲೂಕಿಗೊಂದು ಇಲ್ಲದಿದ್ದರೆ ಬೆಳಗಾವಿಯ ಮಂಡಳಿಗಳ ಒಪ್ಪಿಗೆ ಸಿಕ್ಕ ಮೇಲೂ ಮನೆಯ ಪಡಸಾಲೆಯಲ್ಲಿ ನರಳುವ ಸದ್ದು ನಿಲ್ಲದು.

ಇನ್ನೊಂದು ಸಂಗತಿಯನ್ನು ವೈದ್ಯಮಿತ್ರರು ಮನಸ್ಸಿಗೆ ತಂದುಕೊಳ್ಳಬೇಕು. ಆರು ಜನರ ಎರಡು ಮಂಡಳಿಗಳಲ್ಲಿ ದಾದಿಯರಿಗೆ ಜಾಗವಿಲ್ಲ. 2011ರಲ್ಲಿ ಇದೇ ಸುಪ್ರೀಂ ಕೋರ್ಟ್ ಅರುಣಾರ ಹತ್ತಿರದ ಗೆಳೆಯರು ಎಂದು ಒಪ್ಪಿದ್ದು ಅವರನ್ನು ನೋಡಿಕೊಂಡ ಆಸ್ಪತ್ರೆಯ ಮಂದಿಯನ್ನು, ಅಂದರೆ ಮುಖ್ಯವಾಗಿ ದಾದಿಯರನ್ನು. 2018ರ, 2023ರ ವಿಧಾನದಲ್ಲಿ ಆ ಗೆಳೆತನಕ್ಕೆ ಕುರ್ಚಿ ಉಳಿಯಲಿಲ್ಲ. ಆದರೆ ರಾತ್ರಿ ಎರಡರ ಹೊತ್ತಿಗೆ ‘ಅಕ್ಕಾರ, ಇದನ್ನ ತಗೀರಿ, ಮನೀಗೆ ಕಳಸ್ರಿ’ ಎಂದು ರೋಗಿ ಕೇಳುವುದು ಯಾರನ್ನು? ಕೊಳವೆ ತೆಗೆಯುವ ಮುಂಚೆ ಮುಖ ಒರೆಸುವುದು, ತೆಗೆದ ಮೇಲೆ ಕೈ ಹಿಡಿದು ಕೂರುವುದು ಯಾರು? ವೈದ್ಯರ ತೀರ್ಮಾನವನ್ನು ಕೈಯಾರೆ ನಡೆಸಿ, ಮನೆಗೆ ಹೋಗಿ ಊಟ ಸೇರದೆ ಮಲಗುವ ದಾದಿಗೆ, ತೀರ್ಮಾನಕ್ಕೆ ಮುನ್ನ ಒಂದು ಮಾತು ಕೇಳುವುದನ್ನು ಯಾವ ಸುತ್ತೋಲೆಯೂ ಬೇಡವೆಂದಿಲ್ಲ. ಮಂಡಳಿಯ ಸಭೆಯ ದಿನ ವಾರ್ಡಿನ ದಾದಿಯನ್ನು ಒಳಗೆ ಕರೆದು ಕೂರಿಸಲು ಕಾನೂನಿನ ತಿದ್ದುಪಡಿಯೂ ಬೇಕಿಲ್ಲ.

ಸಭೆಯಲ್ಲಿರುವ ಸಾಮಾನ್ಯ ಜನರಿಗೆ ಒಂದು ಮಾಹಿತಿ. ಮುಂಗಡ ನಿರ್ದೇಶನ ಬರೆಯಲು ವಯಸ್ಸಾಗಬೇಕೆಂದಿಲ್ಲ, ಕಾಯಿಲೆ ಬೀಳಬೇಕೆಂದೂ ಇಲ್ಲ. 18 ವರ್ಷ ತುಂಬಿ ಬುದ್ಧಿ ಸ್ವಸ್ಥವಾಗಿದ್ದರೆ ಸಾಕು. ಯಾವ ಚಿಕಿತ್ಸೆ ಬೇಡ, ಯಾವಾಗ ಬೇಡ ಎಂದು ಸ್ಪಷ್ಟವಾಗಿ ಬರೆಯಬೇಕು. ತಮ್ಮ ಪರವಾಗಿ ಮಾತಾಡಲು ಕನಿಷ್ಠ ಇಬ್ಬರು ನಂಬಿಕಸ್ಥರನ್ನು ಹೆಸರಿಸಬೇಕೆಂದು ಕರ್ನಾಟಕದ ಸುತ್ತೋಲೆ ಹೇಳುತ್ತದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂತೆಗೆಯಬಹುದು, ಬರಹದ ಮೂಲಕ. ಒಂದು ಪ್ರತಿ ಕುಟುಂಬದ ವೈದ್ಯರಿಗೆ, ಇನ್ನೊಂದು ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯತಿಯಲ್ಲಿ ಇದಕ್ಕಾಗಿ ನೇಮಿಸಿದ ಅಧಿಕಾರಿಗೆ ಹೋಗಬೇಕು. ಬರೆಯುವಾಗ ಮಕ್ಕಳನ್ನೆಲ್ಲ ಕೂಡಿಸಿ ಓದಿ ಹೇಳಿದರೆ, ಪುಣೆಯಿಂದ ತಡವಾಗಿ ಬರುವ ಮಗನಿಗೂ ಅಪ್ಪನ ಮಾತು ಮೊದಲೇ ತಿಳಿದಿರುತ್ತದೆ. ಹಿರಿಮಗ ಆ ಕಾಗದ ತೋರಿಸಿದರೆ ‘ಸಲಹೆಗೆ ವಿರುದ್ಧವಾಗಿ’ ಎಂಬ ಇನ್ನೊಂದು ಕಾಗದಕ್ಕೆ ಅವನು ಸಹಿ ಹಾಕಬೇಕಾದ ಪ್ರಸಂಗ ಬರಲಿಕ್ಕಿಲ್ಲ.